ಬೇಸಗೆಯ ಸಂಗೀತ ಚಪ್ಪರ

ತುಮಕೂರು ಪಟ್ಟಣದಿಂದ ಬೆಂಗಳೂರಿನ ಕಡೆಗೆ ಸುಮಾರು ಮೂರು ಮೈಲಿ ಬಂದರೆ ಕ್ಯಾತ್ಸಂದ್ರವೆಂಬ ಊರು ಸಿಕ್ಕುತ್ತದೆ. ಒಂದು ಕಡೆ ಸಿದ್ಧಗಂಗೆಯ ಬೆಟ್ಟ, ಮತ್ತೊಂದು ಕಡೆ ಹೆದ್ದಾರಿ, ನಡುವೆ ರೈಲುನಿಲ್ದಾಣ. ಇಂದು ಊರು ನಗರದೊಳಗೆ ಸೇರಿಹೋಗಿದೆ. ತಟ್ಟೆ ಇಡ್ಲಿಯ ಹೆಸರಿನಿಂದ ದಾರಿಹೋಕರಿಗೆಲ್ಲ ಪರಿಚಿತವೂ ಆಗಿದೆ. ಈ ನಿಲ್ದಾಣದಿಂದ ಬೆಂಗಳೂರಿಗೆ ಸಂಗೀತ ಕೇಳಲು ಹೋಗಿಬರುವ ನಮ್ಮಂಥವರಿಗೆ ಒಂದು ಅನುಭವವುಂಟು. ಕಚೇರಿಯ ವರ್ಣವನ್ನು ನಾವು ಕೇಳಿರುತ್ತೇವೆ, ರಾಗಾಲಾಪನೆಯನ್ನು ಕೇಳಿರುತ್ತೇವೆ, ಪಲ್ಲವಿಯ ಅರ್ಧವನ್ನೂ ಕೇಳಿರುತ್ತೇವೆ. ಮಂಗಳವನ್ನು ಮಾತ್ರ ಕೇಳಿರುವುದಿಲ್ಲ. ರೈಲಿನ ಹೊತ್ತಾಯಿತೆಂದು ಪಕ್ಕದವರ ಮೊಣಕಾಲುಗಳನ್ನು ದಾಟಿ, ತಲೆಯನ್ನು ತಗ್ಗಿಸಿಕೊಂಡು ಹೊರಗೆ ಬಂದವರು ನಾವು. ಹೀಗೆ ಅರ್ಧ ಕೇಳಿ ಎದ್ದುಬಂದ ಶ್ರೋತೃವಿಗೆ ಮನೆಗೆ ಬರುವ ದಾರಿಯಲ್ಲಿ ಒಂದು ಪ್ರಶ್ನೆ ಹುಟ್ಟುವುದು ಸಹಜ. ಈ ಬೇಸಗೆಯ ಸಂಗೀತೋತ್ಸವವೆಂಬುದು ನಮ್ಮ ನಾಡಿನಲ್ಲಿ ಹೇಗೆ ಬೆಳೆಯಿತು? ಅದು ಯಾರಿಗಾಗಿ ಬೆಳೆಯಿತು? ಈ ಎರಡು ಪ್ರಶ್ನೆಗಳನ್ನು ಹಿಡಿದು ಶ್ರೋತೃಗಳೊಡನೆ ಕೆಲವು ಮಾತುಗಳನ್ನಾಡಬೇಕೆಂಬುದು ನಮ್ಮ ಉದ್ದೇಶ.

ಮೊದಲು ಕಾಲದ ವಿಚಾರ. ದಕ್ಷಿಣ ದೇಶದಲ್ಲಿ ಸಂಗೀತದ ಋತು ಎಂದೊಡನೆ ಎಲ್ಲರ ಮನಸ್ಸೂ ಮದರಾಸಿಗೆ, ಎಂದರೆ ಇಂದಿನ ಚೆನ್ನೈಗೆ ಓಡುತ್ತದೆ. ಆ ಕಡಲತೀರದ ನಗರದಲ್ಲಿ ಉತ್ಸವದ ಕಾಲವು ಡಿಸೆಂಬರ್ ತಿಂಗಳು. 1927ರ ಡಿಸೆಂಬರಿನಲ್ಲಿ ಅಲ್ಲಿ ಕಾಂಗ್ರೆಸ್ ಮಹಾಸಭೆ ಸೇರಿದಾಗ ಅದರ ಜೊತೆಯಲ್ಲಿಯೇ ಅಖಿಲ ಭಾರತ ಸಂಗೀತ ಸಮ್ಮೇಳನವೊಂದು ನಡೆಯಿತು. ಅದರ ಫಲವಾಗಿ 1928ರಲ್ಲಿ ಮದರಾಸಿನ ಸಂಗೀತ ಅಕಾಡೆಮಿ ಸ್ಥಾಪನೆಯಾಯಿತು. ಅಂದಿನಿಂದ ವರ್ಷದ ಕೊನೆಯ ವಾರಗಳು ಅಲ್ಲಿ ಸಂಗೀತಕ್ಕೆ ಮೀಸಲಾದುವು. ಕಡಲತೀರದ ಬೇಸಗೆಯನ್ನು ಬಲ್ಲವರು ಇದರ ಕಾರಣವನ್ನು ಕೇಳಬೇಕಾಗಿಲ್ಲ. ಬೆವರು ಒರಸಿಕೊಳ್ಳುವ ಕೈಗೆ ತಾಳ ಹಾಕಲು ಬಿಡುವೆಲ್ಲಿ? ಅಲ್ಲಿನ ಸಭೆಗಳು ಮಾರ್ಗಶಿರದ ತಂಪನ್ನು ಕಾದವು.

ನಮ್ಮ ಮೈಸೂರು ಸೀಮೆಯ ಸಂಗತಿ ಬೇರೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿದೆ. ತುಮಕೂರು ಅದಕ್ಕಿಂತ ಸ್ವಲ್ಪವೇ ತಗ್ಗು. ಹಗಲು ಎಷ್ಟೇ ಸುಡಲಿ, ಸಂಜೆಯಾದ ಮೇಲೆ ಬಯಲಿನಲ್ಲಿ ಕೂತು ಹಾಡು ಕೇಳುವಷ್ಟು ತಂಪು ಇಲ್ಲಿ ಉಂಟು. ಇದರೊಡನೆ ಇನ್ನೂ ಮೂರು ಅನುಕೂಲಗಳು ಕೂಡಿಬಂದುವು. ರಾಗಿಯ ಸುಗ್ಗಿ ಮುಗಿದು, ಅಶ್ವಿನಿ ಭರಣಿ ಮಳೆಗಳು ಬೀಳುವವರೆಗೆ ಬೇಸಾಯಗಾರನಿಗೆ ಬಿಡುವು. ಪರೀಕ್ಷೆಗಳು ಮುಗಿದು ಶಾಲೆಗಳು ಮುಚ್ಚುವುದರಿಂದ ಹುಡುಗರಿಗೂ ಉಪಾಧ್ಯಾಯರಿಗೂ ಬಿಡುವು. ಶಾಲೆಯ ಬಯಲಿಗೂ ಬಿಡುವು. ಕಡಲತೀರದ ಸಭೆಗಳು ಮೌನವಾಗಿರುವ ಕಾಲವಾದುದರಿಂದ ವಿದ್ವಾಂಸರಿಗೂ ಬಿಡುವು. ಈ ಬಿಡುವುಗಳ ನಡುವೆ ಚೈತ್ರ ಶುದ್ಧ ನವಮಿ ಬರುತ್ತದೆ. ಶ್ರೀರಾಮನವಮಿಗೆ ಒಂದೇ ದಿವಸದ ಕಟ್ಟು ಇಲ್ಲ. ಯುಗಾದಿಯಿಂದ ನವಮಿಯವರೆಗೆ ಗರ್ಭೋತ್ಸವ, ನವಮಿಯಿಂದ ಮುಂದಕ್ಕೆ ಜನನೋತ್ಸವ ಎಂದು ಎರಡು ಬಗೆಯಾಗಿ ಅದನ್ನು ಆಚರಿಸುವ ಪದ್ಧತಿಯುಂಟು. ಆದಕಾರಣ ಉತ್ಸವವನ್ನು ಒಂಬತ್ತು ದಿವಸಕ್ಕೂ, ಪಕ್ಷಕ್ಕೂ, ತಿಂಗಳಿಗೂ ಬೆಳೆಸುವುದು ಸುಲಭವಾಯಿತು. ಋತುವೂ ಹಬ್ಬವೂ ಹೀಗೆ ಒಂದನ್ನೊಂದು ಹಿಡಿದುಕೊಂಡುದರಿಂದ ನಮ್ಮ ನಾಡಿನ ಸಂಗೀತೋತ್ಸವವು ಬೇಸಗೆಯದಾಯಿತು.

ಇನ್ನು ಎರಡನೆಯ ಪ್ರಶ್ನೆ: ಯಾರಿಗಾಗಿ? ಇದಕ್ಕೆ ಉತ್ತರವನ್ನು ಹುಡುಕಬೇಕಾದರೆ ಅರಮನೆಯಿಂದ ಆರಂಭಿಸಬೇಕು.

ಮೈಸೂರಿನ ಅರಮನೆಯು ಸಂಗೀತಕ್ಕೆ ಇತ್ತ ಆಶ್ರಯವನ್ನು ವಿವರಿಸಹೊರಟರೆ ಅದೇ ಒಂದು ಪ್ರತ್ಯೇಕ ಭಾಷಣವಾಗುತ್ತದೆ. ವೀಣೆಯ ಶೇಷಣ್ಣನವರು, ಸುಬ್ಬಣ್ಣನವರು, ವಾಸುದೇವಾಚಾರ್ಯರು, ಮುತ್ತಯ್ಯ ಭಾಗವತರು — ಇವರೆಲ್ಲರೂ ಆಸ್ಥಾನದ ವಿದ್ವಾಂಸರು. ನಾಲ್ವಡಿ ಕೃಷ್ಣರಾಜ ಒಡೆಯರವರು ತಾವೇ ಹಲವು ವಾದ್ಯಗಳನ್ನು ನುಡಿಸಬಲ್ಲವರಾಗಿದ್ದರು. ಉತ್ತರ ದೇಶದ ಅಬ್ದುಲ್ ಕರೀಂ ಖಾನರೂ ಫಯಾಜ್ ಖಾನರೂ ಇಲ್ಲಿ ಹಾಡಿ ಮನ್ನಣೆ ಪಡೆದರು. ಭರತಖಂಡದಲ್ಲಿ ಗ್ರಾಮಫೋನು ತಟ್ಟೆಗೆ ಮೊದಮೊದಲು ಹಾಡಿ ದೇಶವಿಖ್ಯಾತಳಾದ ಗೌಹರ್ ಜಾನ್ ತನ್ನ ಕೊನೆಯ ದಿನಗಳನ್ನು ಈ ಆಸ್ಥಾನದ ಆಶ್ರಯದಲ್ಲಿ ಕಳೆದು 1930ರಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡಳು. ಇಷ್ಟೆಲ್ಲ ವೈಭವವಿದ್ದರೂ ಒಂದು ಮಾತನ್ನು ಮರೆಯತಕ್ಕದ್ದಲ್ಲ. ಆಸ್ಥಾನದ ಸಂಗೀತವು ಆಹ್ವಾನಿತರ ಸಂಗೀತ. ದಸರೆಯ ದರ್ಬಾರಿನಲ್ಲಿ ಕುಳಿತು ಕೇಳಲು ಸ್ಥಾನವೂ ಉಡುಪೂ ಬೇಕಾಗಿದ್ದುವು. ಗುಬ್ಬಿಯ ಅಡಕೆಯ ವ್ಯಾಪಾರಿಗಾಗಲಿ, ಕುಣಿಗಲಿನ ಶಾಲೆಯ ಉಪಾಧ್ಯಾಯನಿಗಾಗಲಿ, ಕ್ಯಾತ್ಸಂದ್ರದ ಶಾನುಭೋಗನಿಗಾಗಲಿ ಆ ಬಾಗಿಲು ತೆರೆದಿರಲಿಲ್ಲ. ಅರಮನೆ ಸಂಗೀತಗಾರರನ್ನು ಸಾಕಿತು. ಕೇಳುಗರನ್ನು ಸಾಕುವ ಕೆಲಸ ಬೇರೆಯವರಿಗೆ ಉಳಿಯಿತು.

ಆ ಕೆಲಸಕ್ಕೆ ಮೊದಲಾದವರಲ್ಲಿ ಒಬ್ಬರು ಕಡಲತೀರದಿಂದಲೇ ಬಂದರೆಂಬುದು ಸ್ವಾರಸ್ಯವಾದ ಸಂಗತಿ. ಬಿಡಾರಂ ಕೃಷ್ಣಪ್ಪನವರು 1866ರಲ್ಲಿ ಹುಟ್ಟಿದರು. ಅವರ ಮೂಲ ಉಡುಪಿಯ ಕಡೆಯ ನಂದಳಿಕೆ, ಮನೆಮಾತು ಕೊಂಕಣಿ. ಬಡತನದಲ್ಲಿ ದೇವರನಾಮಗಳನ್ನು ಹಾಡುತ್ತ ಘಟ್ಟವನ್ನು ಹತ್ತಿ ಮೈಸೂರಿಗೆ ಬಂದ ಈ ಹುಡುಗನು ಮುಂದೆ ಆಸ್ಥಾನ ವಿದ್ವಾಂಸನಾಗಿ ಗಾನವಿಶಾರದನೆನಿಸಿದನು. ಅವರ ಹಿರಿಮೆ ಬಿರುದಿನಲ್ಲಿ ಮುಗಿಯಲಿಲ್ಲ. ಬೀದಿಯಲ್ಲಿ ಹಾಡುತ್ತಿದ್ದ ದೇವರನಾಮವನ್ನು ಅವರು ಕಚೇರಿಯ ವೇದಿಕೆಯ ಮೇಲೆ ಗೌರವದಿಂದ ಕೂರಿಸಿದರು. ಕನ್ನಡದ ಸಾಹಿತ್ಯವು ಕಚೇರಿಯಲ್ಲಿ ತಲೆಯೆತ್ತಿ ಕೂತುದು ಬಹುಮಟ್ಟಿಗೆ ಇವರಿಂದ. ಎರಡನೆಯದಾಗಿ, ಮೈಸೂರಿನಲ್ಲಿ ಅವರು ಪ್ರಸನ್ನ ಸೀತಾರಾಮ ಮಂದಿರವನ್ನು ಕಟ್ಟುವ ಕೆಲಸಕ್ಕೆ ಕೈಯಿಟ್ಟರು. ತಮ್ಮ ಸಂಪಾದನೆಯನ್ನು ಅದಕ್ಕೆ ಸುರಿದರು. ರಾಮೋತ್ಸವದ ದಿವಸಗಳಲ್ಲಿ ಅಲ್ಲಿ ಕಚೇರಿಗಳು ನಡೆಯತೊಡಗಿದುವು. ಅರಮನೆಯ ಬಾಗಿಲಲ್ಲಿ ನಿಲ್ಲಬೇಕಾಗಿದ್ದ ನಾಗರಿಕನು ಮಂದಿರದ ಕಂಬಕ್ಕೆ ಒರಗಿ ಅದೇ ವಿದ್ವಾಂಸರ ಗಾನವನ್ನು ಕೇಳುವಂತಾಯಿತು. 1931ರಲ್ಲಿ ಕೃಷ್ಣಪ್ಪನವರು ತೀರಿಕೊಂಡರೂ ಮಂದಿರ ನಿಂತಿತು, ಉತ್ಸವವೂ ನಿಂತಿತು. ಇಲ್ಲಿ ‘ನಿಂತಿತು’ ಎಂದರೆ ನೆಲೆಯಾಯಿತು ಎಂದು ಶ್ರೋತೃಗಳು ತಿಳಿಯಬೇಕು.

ಮೈಸೂರಿನಲ್ಲಿ ಹೀಗಾದರೆ ನಮ್ಮ ತುಮಕೂರು ಪ್ರಾಂತದಲ್ಲಿ ಕೇಳುವ ಕಿವಿ ಹೇಗೆ ಸಿದ್ಧವಾಯಿತು? ಇದಕ್ಕೆ ಉತ್ತರ ಗುಬ್ಬಿಯಲ್ಲಿದೆ. 1884ನೆಯ ಇಸವಿಯಲ್ಲಿ ಈ ಸೀಮೆಯಲ್ಲಿ ಎರಡು ಘಟನೆಗಳು ನಡೆದುವು. ಬೆಂಗಳೂರಿನಿಂದ ಹೊರಟ ಮೀಟರ್ ಗೇಜ್ ರೈಲುದಾರಿ ಆ ವರ್ಷ ತುಮಕೂರನ್ನು ಮುಟ್ಟಿತು. ಅದೇ ವರ್ಷ ಗುಬ್ಬಿಯಲ್ಲಿ ಊರಿನ ಉತ್ಸಾಹಿಗಳು ಸೇರಿ ಶ್ರೀ ಚನ್ನಬಸವೇಶ್ವರ ಸ್ವಾಮಿಯ ಹೆಸರಿನಲ್ಲಿ ಒಂದು ನಾಟಕ ಸಂಘವನ್ನು ಆರಂಭಿಸಿದರು. ಒಂದು ಘಟನೆ ಮತ್ತೊಂದಕ್ಕೆ ಕಾರಣವೆಂದು ನಾವು ಹೇಳುತ್ತಿಲ್ಲ. ಆದರೆ ಮುಂದಿನ ಅರ್ಧ ಶತಮಾನದಲ್ಲಿ ಎರಡೂ ಒಂದಕ್ಕೊಂದು ನೆರವಾದುವೆಂಬುದರಲ್ಲಿ ಸಂದೇಹವಿಲ್ಲ. 1889ರ ಹೊತ್ತಿಗೆ ರೈಲು ಹರಿಹರವನ್ನು ದಾಟಿ ಉತ್ತರ ಕರ್ನಾಟಕಕ್ಕೆ ಕೂಡಿಕೊಂಡಿತು. ಪರದೆಗಳು, ಪೆಟ್ಟಿಗೆಗಳು, ಹಾರ್ಮೋನಿಯಂಗಳು, ತಬಲಗಳು ರೈಲಿನಲ್ಲಿ ಊರಿಂದೂರಿಗೆ ಸಾಗುವಂತಾಯಿತು.

1891ರಲ್ಲಿ ಹುಟ್ಟಿದ ಗುಬ್ಬಿ ವೀರಣ್ಣನವರು ಹುಡುಗನಾಗಿಯೇ ಈ ಸಂಘವನ್ನು ಸೇರಿ, ಮುಂದೆ ಅದರ ಒಡೆತನವನ್ನು ವಹಿಸಿಕೊಂಡು, ಅದನ್ನು ಕನ್ನಡನಾಡಿನ ಮನೆಮಾತಾಗಿ ಮಾಡಿದರು. ‘ಸದಾರಮೆ’ಯ ಕಳ್ಳನಾಗಿ ಅವರು ಜನರನ್ನು ನಗಿಸಿದರು, ‘ಕುರುಕ್ಷೇತ್ರ’ದಲ್ಲಿ ಆನೆ ಕುದುರೆಗಳನ್ನು ರಂಗಕ್ಕೆ ತಂದು ಬೆರಗುಗೊಳಿಸಿದರು. ನಮ್ಮ ಇಂದಿನ ವಿಷಯಕ್ಕೆ ಸಂಬಂಧಪಟ್ಟುದು ಆನೆಯಲ್ಲ, ಹಾಡು. ಕಂಪೆನಿ ನಾಟಕವೆಂದರೆ ಹಾಡಿನ ಮಾಲೆ. ನಟನಾಗಬೇಕಾದವನು ಮೊದಲು ಗಾಯಕನಾಗಿರಬೇಕಾಗಿತ್ತು. ಕರ್ಣಾಟಕ ಪದ್ಧತಿಯ ರಾಗಗಳ ಜೊತೆಗೆ ಮರಾಠಿ ರಂಗದ ಮೂಲಕ ಇಳಿದುಬಂದ ಹಿಂದೂಸ್ಥಾನೀ ಮಟ್ಟುಗಳನ್ನೂ ಕಂಪೆನಿಗಳು ಹಾಡಿದುವು. ಕಲ್ಯಾಣಿ, ಕಾಂಬೋಜಿ, ಭೀಮ್‌ಪಲಾಸ್ ಎಂಬ ಹೆಸರುಗಳನ್ನೇ ಕೇಳದಿದ್ದ ಜನರು ಆ ರಾಗಗಳನ್ನು ಮನೆಗೆ ಹೋಗುತ್ತ ಗುನುಗಿಕೊಂಡರು. ಹೆಸರಿಲ್ಲದ ಈ ಪರಿಚಯವೇ ಮುಂದೆ ಸಂಗೀತ ಚಪ್ಪರಗಳಿಗೆ ಶ್ರೋತೃಗಳನ್ನು ಒದಗಿಸಿತೆಂದು ನಾವು ತಿಳಿದಿದ್ದೇವೆ.

ಕಂಪೆನಿಯ ನಾಟಕಶಾಲೆಯಿಂದ ಮತ್ತೊಂದು ಹೊಸತೂ ಬಂದಿತು. ಅದು ಟಿಕೆಟ್ಟು. ಕುರ್ಚಿ, ಬೆಂಚು, ಚಾಪೆ, ನೆಲ ಎಂದು ಅಲ್ಲಿ ತರಗತಿಗಳಿದ್ದುವು. ಇದನ್ನು ಕೆಲವರು ವ್ಯಾಪಾರವೆಂದು ಹಳಿದರು. ಆದರೆ ನೆಲದ ಟಿಕೆಟ್ಟನ್ನು ಕೊಂಡವನನ್ನು ನಿನ್ನ ಕುಲವಾವುದು, ನಿನಗೆ ಆಹ್ವಾನವಿತ್ತವರಾರು ಎಂದು ಯಾರೂ ಕೇಳುತ್ತಿರಲಿಲ್ಲ. ಕಾಸು ಕೊಟ್ಟವನಿಗೆಲ್ಲ ಒಂದೇ ಹಾಡು. ಆಹ್ವಾನದ ಬಾಗಿಲಿಗಿಂತ ಟಿಕೆಟ್ಟಿನ ಬಾಗಿಲು ಅಗಲವಾದುದೆಂಬುದನ್ನು ಇತಿಹಾಸವನ್ನು ನೋಡುವವರು ಒಪ್ಪಬೇಕಾಗುತ್ತದೆ. ಕಾಸಿಲ್ಲದವನು ಡೇರೆಯ ಹೊರಗೆ ನಿಂತು ಕೇಳಿದನು. ಈ ಹೊರಗೆ ನಿಂತವನನ್ನು ಶ್ರೋತೃಗಳು ನೆನಪಿಟ್ಟುಕೊಳ್ಳಬೇಕು. ನಮ್ಮ ಕಥೆಯಲ್ಲಿ ಆತನು ಮತ್ತೆ ಮತ್ತೆ ಬರುತ್ತಾನೆ.

ಈಗ ಬೆಂಗಳೂರಿಗೆ ಬರೋಣ. 1905ನೆಯ ಇಸವಿ ಈ ನಗರದ ಇತಿಹಾಸದಲ್ಲಿ ಗುರುತಿಡಬೇಕಾದ ವರ್ಷ. ಶಿವನಸಮುದ್ರದ ವಿದ್ಯುಚ್ಛಕ್ತಿಯಿಂದ ಬೆಂಗಳೂರಿನ ಬೀದಿಗಳಲ್ಲಿ ಆ ವರ್ಷ ದೀಪಗಳು ಬೆಳಗಿದುವು. ಬೆಂಗಳೂರಿನ ಗಾಯನ ಸಮಾಜವು ಸ್ಥಾಪನೆಯಾದುದೂ ಆ ವರ್ಷದಲ್ಲಿಯೇ. ರಾತ್ರಿ ಹೊತ್ತು ಹೆಂಗಸರು ಮಕ್ಕಳೊಡನೆ ನಿರ್ಭಯವಾಗಿ ನಡೆದು ಹೋಗಿ ಸಂಗೀತವನ್ನು ಕೇಳಿ ಬರಬೇಕಾದರೆ ಬೀದಿಯ ದೀಪವು ಶ್ರುತಿಪೆಟ್ಟಿಗೆಯಷ್ಟೇ ಅವಶ್ಯಕವೆಂಬುದನ್ನು ಯಾರೂ ಅಲ್ಲಗಳೆಯಲಾರರು. ಗಾಯನ ಸಮಾಜದ ಮೂಲಕ ಸಂಗೀತವು ವೃತ್ತಿವಂತರ, ಸರಕಾರಿ ನೌಕರರ, ವಕೀಲರ ಆಸರೆಯನ್ನು ಪಡೆಯಿತು. ರಾಜನೊಬ್ಬನು ಕೊಡುತ್ತಿದ್ದ ಸಂಭಾವನೆಯನ್ನು ನೂರು ಮಂದಿ ಸದಸ್ಯರು ಚಂದಾಹಣವಾಗಿ ಹಂಚಿಕೊಂಡರು. ಆದರೂ ಇದು ಸದಸ್ಯರ ಸಭೆ. ನಾಲ್ಕು ಗೋಡೆಗಳ ಒಳಗಿನ ವ್ಯವಸ್ಥೆ.

ಗೋಡೆಯನ್ನು ತೆಗೆದು ಚಪ್ಪರವನ್ನು ಹಾಕಿದವರು ಹುಡುಗರು. 1939ರಲ್ಲಿ ಚಾಮರಾಜಪೇಟೆಯಲ್ಲಿ ಎಸ್. ವಿ. ನಾರಾಯಣಸ್ವಾಮಿ ರಾವ್ ಎಂಬ ಇನ್ನೂ ಹದಿಹರೆಯದಲ್ಲಿದ್ದ ಹುಡುಗರೊಬ್ಬರು ಶ್ರೀರಾಮಸೇವಾ ಮಂಡಳಿಯನ್ನು ಆರಂಭಿಸಿ ರಾಮನವಮಿಯ ಉತ್ಸವವನ್ನು ನಡೆಸಿದರು. ಬೀದಿಯ ಹುಡುಗರು ಹಬ್ಬಕ್ಕೆಂದು ಚಪ್ಪರ ಹಾಕುವುದು ನಮ್ಮ ನಾಡಿನಲ್ಲಿ ಅಪೂರ್ವವೇನೂ ಅಲ್ಲ. ಪಾನಕ ಕೋಸಂಬರಿ ಹಂಚಿ ಭಜನೆ ಮಾಡಿದರೆ ಅಲ್ಲಿಗೆ ಮುಗಿಯುತ್ತದೆ. ಅಪೂರ್ವವಾದುದೇನೆಂದರೆ, ಈ ಚಪ್ಪರವು ವರ್ಷದಿಂದ ವರ್ಷಕ್ಕೆ ಬೆಳೆದು, ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆಯ ಬಯಲಿಗೆ ಬಂದು, ತಿಂಗಳುಗಟ್ಟಳೆ ನಡೆಯುವ ಸಂಗೀತೋತ್ಸವವಾದುದು. ಚೆಂಬೈ ವೈದ್ಯನಾಥ ಭಾಗವತರು, ಎಂ. ಎಸ್. ಸುಬ್ಬುಲಕ್ಷ್ಮಿಯವರು, ಭೀಮಸೇನ ಜೋಶಿಯವರು, ಬಿಸ್ಮಿಲ್ಲಾ ಖಾನರು ಈ ವೇದಿಕೆಯ ಮೇಲೆ ಹಾಡಿದರು, ನುಡಿಸಿದರು. ರಾಮನ ಹೆಸರಿನ ಚಪ್ಪರದಲ್ಲಿ ಖಾನರ ಶಹನಾಯಿ ಮೊಳಗಿತು. ದಕ್ಷಿಣಾದಿ ಉತ್ತರಾದಿ ಎಂಬ ಭೇದ ಅಲ್ಲಿ ಕಾಣಬರಲಿಲ್ಲ. ಆರಂಭಿಸಿದ ಹುಡುಗರು ಮುದುಕರಾಗಿ 2000ದಲ್ಲಿ ತೀರಿಕೊಳ್ಳುವವರೆಗೂ ಆ ಕೆಲಸವನ್ನು ಬಿಡಲಿಲ್ಲ. ಅರುವತ್ತು ವರ್ಷ ಒಂದೇ ಚಪ್ಪರವನ್ನು ಕಟ್ಟಿಸಿದವರ ಜೀವನವನ್ನು ವಿವರಿಸಲು ಬೇರೆ ಬಿರುದು ಬೇಕಾಗಿಲ್ಲ.

ಚಪ್ಪರವೆಂಬುದು ನೋಡಲು ಸುಲಭ. ಅದರೊಳಗೆ ಹಾಡುವುದು ಸುಲಭವಲ್ಲ. ಕಲ್ಲಿನ ಮಂಟಪದಲ್ಲಿ ಹಾಡಿದರೆ ದನಿ ಗೋಡೆಗೆ ತಾಗಿ ಹಿಂದಿರುಗುತ್ತದೆ. ಬಿದಿರಿನ ಗಳುಗಳ ಮೇಲೆ ತೆಂಗಿನ ಗರಿಯನ್ನು ಹೊದಿಸಿದ ಚಪ್ಪರದಲ್ಲಿ ದನಿ ಗರಿಗಳ ಸಂದಿನಿಂದ ಹಾರಿಹೋಗುತ್ತದೆ. ಹಿಂದಿನ ಗಾಯಕರು ಎತ್ತರದ ಶ್ರುತಿಯಲ್ಲಿ ಹಾಡುತ್ತಿದ್ದುದಕ್ಕೆ ಇದೂ ಒಂದು ಕಾರಣ. ನಾಟಕದ ನಟರಂತೂ ಹಿಂದಿನ ಸಾಲಿನವನಿಗೆ ಮುಟ್ಟಿಸುವುದಕ್ಕಾಗಿ ಕಂಠವನ್ನೇ ಒತ್ತೆಯಿಟ್ಟರು. ಬಿಡಾರಂ ಕೃಷ್ಣಪ್ಪನವರ ಶಿಷ್ಯರಾದ ತಿರುಮಕೂಡಲು ಚೌಡಯ್ಯನವರು ಪಿಟೀಲಿಗೆ ಏಳು ತಂತಿಗಳನ್ನು ಕಟ್ಟಿದುದು ಈ ಕಷ್ಟದಿಂದಲೇ. ನಾಲ್ಕು ತಂತಿಗಳ ವಾದ್ಯದಲ್ಲಿ ಮೂರಕ್ಕೆ ಜೊತೆ ತಂತಿಗಳನ್ನು ಸೇರಿಸಿ, ನಾದವನ್ನು ತುಂಬಿಕೊಳ್ಳುವಂತೆ ಅವರು ಮಾಡಿದರು. ದೊಡ್ಡ ಸಭೆಯ ಕೊನೆಯಲ್ಲಿ ಕುಳಿತವನಿಗೂ ಪಿಟೀಲು ಕೇಳಿಸಬೇಕೆಂಬುದು ಅದರ ಉದ್ದೇಶ. ಇಂದು ಬೆಂಗಳೂರಿನಲ್ಲಿ ಅವರ ನೆನಪಿಗಾಗಿ ಪಿಟೀಲಿನ ಆಕಾರದಲ್ಲಿಯೇ ಕಟ್ಟಿದ ಸಭಾಮಂದಿರವಿದೆ. ಆದರೆ ಕೊನೆಯ ಸಾಲಿನವನ ಮೇಲೆ ಅವರಿಗಿದ್ದ ಕಾಳಜಿಯೇ ಅವರ ನಿಜವಾದ ಸ್ಮಾರಕವೆಂದು ನಮಗೆ ತೋರುತ್ತದೆ.

ತರುವಾಯ ಧ್ವನಿವರ್ಧಕ ಬಂದಿತು. ಗಾಯಕರ ಗಂಟಲಿಗೆ ವಿಶ್ರಾಂತಿ ದೊರೆಯಿತು. ಮಂದ್ರಸ್ಥಾಯಿಯ ಸೂಕ್ಷ್ಮವಾದ ಗಮಕಗಳೂ ಸಾವಿರ ಜನಕ್ಕೆ ಕೇಳಿಸುವಂತಾಯಿತು. ಅದೇ ಕಾಲದಲ್ಲಿ ಅರಿಯಕ್ಕುಡಿ ರಾಮಾನುಜ ಅಯ್ಯಂಗಾರ್ಯರು ಕಚೇರಿಗೆ ಒಂದು ಹೊಸ ಕ್ರಮವನ್ನು ಹಾಕಿಕೊಟ್ಟರು. ವರ್ಣದಿಂದ ಆರಂಭಿಸಿ, ಕೃತಿಗಳನ್ನು ಹಾಡಿ, ರಾಗ ತಾನ ಪಲ್ಲವಿಯನ್ನು ನಡೆಸಿ, ಲಘುವಾದ ಪದಗಳಿಂದ ಮುಗಿಸುವ ಈ ಕ್ರಮದಲ್ಲಿ ಪಂಡಿತನಿಗೂ ಪಾಮರನಿಗೂ ಪಾಲು ದೊರೆಯಿತು. ಮೈಸೂರು ಸೀಮೆಯಲ್ಲಿ ಆ ಕೊನೆಯ ಭಾಗವೇ ದೇವರನಾಮದ ಸ್ಥಾನವಾಯಿತು. ಚಪ್ಪರದ ಹಿಂದಿನ ಸಾಲುಗಳು ಅದಕ್ಕಾಗಿ ಕಾಯುತ್ತಿದ್ದುವು. ವಿಷಾದದ ಮಾತೆಂದರೆ, ರೈಲಿಗೆ ಓಡುವ ನಮ್ಮಂಥವರಿಗೆ ತಪ್ಪಿಹೋಗುತ್ತಿದ್ದುದೂ ಅದೇ.

ಬೇಸಗೆಯ ಉತ್ಸವಕ್ಕೆ ಬೇಸಗೆಯ ಅಪಾಯಗಳೂ ಇವೆ. ಏಪ್ರಿಲಿನ ಸಂಜೆ ಮೋಡ ಕವಿದು ಬೀಸುವ ಗಾಳಿಗೆ ರಾಗದ ಗೌರವ ತಿಳಿಯದು. ಆಲಾಪನೆ ಏರುತ್ತಿರುವಾಗ ಮಾವಿನ ಮಳೆಯ ಹನಿಗಳು ಚಪ್ಪರದ ಮೇಲೆ ತಮ್ಮದೇ ತಾಳವನ್ನು ಹಾಕತೊಡಗುತ್ತವೆ. ಮೃದಂಗದ ಚರ್ಮವು ತೇವಕ್ಕೆ ಸಡಿಲಗೊಳ್ಳುತ್ತದೆ. ತಂಬೂರಿಯ ಶ್ರುತಿ ಇಳಿಯುತ್ತದೆ. ಜನರು ಎದ್ದು ನಿಂತು, ಮಳೆ ನಿಂತ ಮೇಲೆ ಮತ್ತೆ ಕೂರುತ್ತಾರೆ. ಹೀಗೆ ಕಾದು ಕೂರುವವರನ್ನು ಕಂಡೇ ವಿದ್ವಾಂಸರು ಚಪ್ಪರವನ್ನು ಪ್ರೀತಿಸಿದರೆಂದು ತೋರುತ್ತದೆ.

ಇಷ್ಟರ ಮಟ್ಟಿಗೆ ನಾವು ಬಾಗಿಲುಗಳು ಅಗಲವಾದ ಕಥೆಯನ್ನು ಹೇಳಿದೆವು. ಇತಿಹಾಸವನ್ನು ಹೇಳುವವನು ಮುಚ್ಚಿದ್ದ ಬಾಗಿಲುಗಳನ್ನೂ ಹೇಳತಕ್ಕದ್ದು. ವೇದಿಕೆಯ ಮೇಲೆ ಹೆಂಗಸರಿಗೆ ಸ್ಥಾನವು ಸುಲಭವಾಗಿ ದೊರೆಯಲಿಲ್ಲ. ಮೈಸೂರು ಸೀಮೆಯಲ್ಲಿ ಹುಟ್ಟಿ ಮದರಾಸಿನಲ್ಲಿ ನೆಲೆಸಿದ ಬೆಂಗಳೂರು ನಾಗರತ್ನಮ್ಮನವರು ತಮ್ಮ ದ್ರವ್ಯದಿಂದ ತಿರುವಯ್ಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಗುಡಿಯನ್ನು ಕಟ್ಟಿಸಿದರು. ಆ ಗುಡಿಯ ಮುಂದೆ ನಡೆಯುವ ಆರಾಧನೆಯಲ್ಲಿ ಹೆಂಗಸರು ಹಾಡಕೂಡದೆಂದು ತಡೆದವರಿದ್ದರು. ಅವರು ಜಗಳಕ್ಕೆ ಮೀರಿದ ಉಪಾಯವನ್ನು ಕಂಡರು; ಹೆಂಗಸರದೇ ಒಂದು ಗೋಷ್ಠಿಯನ್ನು ಕೂಡಿಸಿ ಪ್ರತ್ಯೇಕವಾಗಿ ಹಾಡಿಸಿದರು. 1940ರ ಸುಮಾರಿಗೆ ಪಂಗಡಗಳು ಒಂದುಗೂಡಿ, ಹೆಂಗಸರೂ ಗಂಡಸರೂ ಒಂದೇ ಆರಾಧನೆಯಲ್ಲಿ ಹಾಡುವಂತಾಯಿತು. ನಮ್ಮ ನಾಟಕ ಕಂಪೆನಿಗಳಲ್ಲಿಯೂ ಸ್ತ್ರೀಪಾತ್ರವನ್ನು ಗಂಡಸರೇ ಮಾಡುತ್ತಿದ್ದ ಕಾಲ ಕಳೆದು, ಬಿ. ಜಯಮ್ಮನವರಂಥ ನಟಿಯರು ಗುಬ್ಬಿಯ ರಂಗದ ಮೇಲೆ ಹಾಡಿ ಅಭಿನಯಿಸಿದರು. ಬೇಸಗೆಯ ಚಪ್ಪರದಲ್ಲಿ ಸುಬ್ಬುಲಕ್ಷ್ಮಿಯವರ ಕಚೇರಿಗೆ ಜನ ಕಿಕ್ಕಿರಿದು ಸೇರುತ್ತಿದ್ದ ಕಾಲಕ್ಕೆ ಈ ಹಳೆಯ ಜಗಳಗಳು ಮರೆತುಹೋಗಿದ್ದುವು. ಮರೆತುಹೋದುದು ಸಂತೋಷವೇ, ಆದರೆ ಬಾಗಿಲನ್ನು ತೆರೆದವರನ್ನೂ ಅದರೊಡನೆ ಮರೆಯುವುದು ನ್ಯಾಯವಲ್ಲ.

ಇನ್ನು ಹೊರಗೆ ನಿಂತವನ ವಿಚಾರಕ್ಕೆ ಹಿಂದಿರುಗೋಣ. ಚಪ್ಪರಕ್ಕೆ ಗೋಡೆಯಿಲ್ಲವಾದರೂ ಖರ್ಚು ಉಂಟು. ವಿದ್ವಾಂಸರ ಸಂಭಾವನೆ, ದೀಪ, ಗರಿ, ಗಳು, ಧ್ವನಿವರ್ಧಕ — ಇವುಗಳಿಗೆಲ್ಲ ಹಣ ಬೇಕು. ಆದಕಾರಣ ಒಳಗೆ ಕುರ್ಚಿಗಳಿಗೆ ಟಿಕೆಟ್ಟು ಬಂದಿತು. ಆದರೆ ತೆಂಗಿನ ಗರಿ ನಾದವನ್ನು ತಡೆಯಲಾರದು. ಶಾಲೆಯ ಬಯಲಿನ ಅಂಚಿನಲ್ಲಿ, ಬೀದಿಯ ಜಗುಲಿಯ ಮೇಲೆ, ಸೈಕಲ್ಲಿಗೆ ಒರಗಿಕೊಂಡು ಕಚೇರಿಯನ್ನು ಪೂರ್ತಿಯಾಗಿ ಕೇಳಿದ ಎರಡನೆಯ ಸಭೆಯೊಂದು ಇಂಥ ಎಲ್ಲ ಉತ್ಸವಗಳಿಗೂ ಇದ್ದಿತು. ಅವರ ಹೆಸರು ಯಾವ ಲೆಕ್ಕದ ಪುಸ್ತಕದಲ್ಲಿಯೂ ಇಲ್ಲ. ಚಪ್ಪರಕ್ಕೂ ಸಭಾಮಂದಿರಕ್ಕೂ ಇರುವ ಮುಖ್ಯವಾದ ಭೇದ ಇದೇ. ಸಭಾಮಂದಿರದ ಹೊರಗೆ ನಿಂತವನಿಗೆ ಗೋಡೆ ಸಿಕ್ಕುತ್ತದೆ. ಚಪ್ಪರದ ಹೊರಗೆ ನಿಂತವನಿಗೆ ಸಂಗೀತ ಸಿಕ್ಕುತ್ತದೆ.

ಕ್ಯಾತ್ಸಂದ್ರದವರಾದ ನಮಗೆ ಈ ಮಾತು ಬೇಗ ಅರ್ಥವಾಗುವುದಕ್ಕೆ ಒಂದು ಕಾರಣವುಂಟು. ನಮ್ಮ ನೆರೆಯಲ್ಲಿಯೇ ಇರುವ ಸಿದ್ಧಗಂಗೆಯಲ್ಲಿ ದಾಸೋಹವೆಂಬುದು ನಿತ್ಯದ ಸಂಗತಿ. 1941ರಲ್ಲಿ ಮಠದ ಹೊಣೆಯನ್ನು ವಹಿಸಿಕೊಂಡು 2019ರವರೆಗೆ ಬಾಳಿದ ಶ್ರೀ ಶಿವಕುಮಾರ ಸ್ವಾಮಿಗಳ ಕಾಲದಲ್ಲಿ ಸಾವಿರಾರು ಬಡಮಕ್ಕಳು ಅಲ್ಲಿ ಅನ್ನವನ್ನೂ ಅಕ್ಷರವನ್ನೂ ಪಡೆದರು. ಪಂಕ್ತಿಯಲ್ಲಿ ಕುಳಿತವನನ್ನು ನೀನು ಯಾರವನೆಂದು ಅಲ್ಲಿ ಕೇಳುವುದಿಲ್ಲ. ಅನ್ನಕ್ಕೆ ಸಲ್ಲುವ ನೀತಿ ನಾದಕ್ಕೆ ಸಲ್ಲದೆ ಏಕೆ? ಹಣ ಕೊಡಬಲ್ಲವನು ಕೊಡಲಿ. ಕೊಡಲಾರದವನಿಗೆ ಚಪ್ಪರದ ಅಂಚು ಇರಲಿ. ಬೇಸಗೆಯ ಉತ್ಸವವನ್ನು ಕಟ್ಟಿದ ಹುಡುಗರು ಪಾನಕವನ್ನು ಹಂಚಿದಂತೆ ಸಂಗೀತವನ್ನೂ ಹಂಚಿದರು.

ಊರಿಂದ ಊರಿಗೆ ಬರಲಾರದವನ ಕಥೆಯನ್ನು ಬಾನುಲಿ ಬದಲಿಸಿತು. 1935ರ ಸೆಪ್ಟೆಂಬರ್ 10ರಂದು ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ಒಂಟಿಕೊಪ್ಪಲಿನ ತಮ್ಮ ಮನೆಯಿಂದ ಮೂವತ್ತು ವ್ಯಾಟುಗಳ ಪ್ರೇಷಕವನ್ನಿಟ್ಟುಕೊಂಡು ಪ್ರಸಾರವನ್ನು ಆರಂಭಿಸಿದರು. ಮನೆಯ ದೀಪವೊಂದಕ್ಕೆ ಸಾಲುವಷ್ಟು ಶಕ್ತಿ! ಅದಕ್ಕೆ ಆಕಾಶವಾಣಿಯೆಂಬ ಹೆಸರು ಬಂದಿತು. ಮುಂದೆ ಅದೇ ಹೆಸರು ಭಾರತದ ಬಾನುಲಿಗೆಲ್ಲ ಹೆಸರಾಯಿತು. 1942ರಲ್ಲಿ ಸಂಸ್ಥಾನದ ಸರಕಾರವು ನಿಲಯವನ್ನು ವಹಿಸಿಕೊಂಡಿತು; 1950ರಲ್ಲಿ ಅದು ಅಖಿಲ ಭಾರತ ಬಾನುಲಿಯೊಡನೆ ಸೇರಿತು; 1955ರಲ್ಲಿ ಬೆಂಗಳೂರಿಗೆ ಬಂದಿತು. ಬೆಂಗಳೂರಿನ ಉದ್ಯಾನಗಳಲ್ಲಿ ರೇಡಿಯೋ ಗೋಪುರಗಳು ಎದ್ದುವು. ಸಂಜೆ ಹುಲ್ಲಿನ ಮೇಲೆ ಕುಳಿತು ಜನರು ವಾರ್ತೆಯನ್ನೂ ಹಾಡನ್ನೂ ಕೇಳಿದರು. 1954ರಿಂದ ಬಾನುಲಿಯೇ ಸಂಗೀತ ಸಮ್ಮೇಳನಗಳನ್ನು ನಡೆಸತೊಡಗಿತು. ಅಂಗಡಿಯ ರೇಡಿಯೋ ಮುಂದೆ ನಿಂತು ಪಲ್ಲವಿಯನ್ನು ಕೇಳುತ್ತಿದ್ದ ಶ್ರೋತೃವಿಗೆ ರೈಲಿನ ಹೊತ್ತಿನ ಹಂಗಿರಲಿಲ್ಲ. ಆತನಿಗೆ ಮಂಗಳವೂ ದೊರೆಯಿತು.

ಹಾಗಾದರೆ ಚಪ್ಪರವೇಕೆ ಬೇಕು? ಇದನ್ನು ಕೇಳುವವರು ಇಂದು ಬಹಳ ಮಂದಿ. ಎಂದೋ ಹಾಡಿದ ಕಚೇರಿಯನ್ನು ಇಂದು ಅಂಗೈಯಲ್ಲಿಟ್ಟುಕೊಂಡು ಕೇಳಬಹುದು. 2020ರ ವಸಂತದಲ್ಲಿ ಈ ಪ್ರಶ್ನೆಗೆ ನಾವು ಬಯಸದೆಯೇ ಉತ್ತರ ದೊರೆಯಿತು. ಸಾಂಕ್ರಾಮಿಕ ರೋಗದ ಭಯದಿಂದ ದೇಶವೆಲ್ಲ ಬಾಗಿಲು ಹಾಕಿಕೊಂಡಿದ್ದಾಗ, ಆ ವರ್ಷದ ಏಪ್ರಿಲ್ 2ರಂದು ರಾಮನವಮಿ ಬಂದು ಹೋಯಿತು. ಜನ ಸೇರುವಂತಿರಲಿಲ್ಲ. ಯಂತ್ರಗಳಲ್ಲಿ ಸಂಗೀತಕ್ಕೆ ಕೊರತೆಯಿರಲಿಲ್ಲ. ಆದರೂ ಮನಸ್ಸಿಗೆ ಹಬ್ಬವಾಗಲಿಲ್ಲ. ಗಾಯಕನು ಒಂದು ಸಂಗತಿಯನ್ನು ಹಾಕಿದಾಗ ಪಕ್ಕದಲ್ಲಿ ಕುಳಿತ ಅಪರಿಚಿತನು ತಲೆದೂಗಿದುದನ್ನು ಕಂಡು ನಾವೂ ತಲೆದೂಗುತ್ತೇವಲ್ಲ, ಆ ಒಂದು ಕ್ಷಣವನ್ನು ಯಂತ್ರವು ಕೊಡಲಾರದು. ಕೇಳುವುದು ಒಬ್ಬನ ಕೆಲಸವಲ್ಲ, ಕೂಡಿ ಮಾಡುವ ಕೆಲಸ ಎಂಬುದನ್ನು ನಮಗೆ ಕಲಿಸಿದುದು ಚಪ್ಪರ.

ಆದಕಾರಣ ನಮ್ಮ ಬಿನ್ನಹ ಇಷ್ಟೇ. ಬೇಸಗೆಯ ಸಂಗೀತೋತ್ಸವವು ರಾಜಧಾನಿಯ ಸ್ವತ್ತಲ್ಲ. ದೇವರನಾಮವನ್ನು ಹಾಡುತ್ತ ಘಟ್ಟ ಹತ್ತಿದ ಹುಡುಗನೊಬ್ಬನು ಅದಕ್ಕೆ ಮಂದಿರವನ್ನು ಕೊಟ್ಟನು. ಗುಬ್ಬಿಯಂಥ ಸಣ್ಣ ಊರು ಅದಕ್ಕೆ ಕಿವಿಗಳನ್ನು ಕೊಟ್ಟಿತು. ಪೇಟೆಯ ಹುಡುಗರು ಅದಕ್ಕೆ ಚಪ್ಪರವನ್ನು ಕೊಟ್ಟರು. ಸಣ್ಣ ಊರುಗಳಿಗೆ ಆ ಸಾಲವನ್ನು ಹಿಂದಿರುಗಿಸುವ ಕಾಲ ಇನ್ನೂ ಮೀರಿಲ್ಲ. ತುಮಕೂರಿನಲ್ಲಿ, ಗುಬ್ಬಿಯಲ್ಲಿ, ಕುಣಿಗಲಿನಲ್ಲಿ ಬೇಸಗೆಗೆ ಮುಚ್ಚಿದ ಶಾಲೆಗಳ ಬಯಲುಗಳಿವೆ, ಬಿದಿರಿದೆ, ತೆಂಗಿನ ಗರಿಯಂತೂ ಈ ಸೀಮೆಯಲ್ಲಿ ಬೇಕಾದಷ್ಟಿದೆ. ದೊಡ್ಡ ವಿದ್ವಾಂಸರೇ ಬರಬೇಕೆಂಬ ಹಟ ಬೇಡ. ಊರಿನ ಸಂಗೀತದ ಮೇಷ್ಟರೂ ಅವರ ಇಬ್ಬರು ಶಿಷ್ಯರೂ ಒಂದು ಸಂಜೆ ಕುಳಿತು ಹಾಡಿದರೆ ಆರಂಭವಾಯಿತು. ಚಾಮರಾಜಪೇಟೆಯ ಹುಡುಗರು 1939ರಲ್ಲಿ ಇದಕ್ಕಿಂತ ಹೆಚ್ಚಿನ ಬಂಡವಾಳದಿಂದ ಹೊರಟವರಲ್ಲ.

ಅಂಥ ಸಂಜೆಯೊಂದು ನಮ್ಮ ಊರಿನಲ್ಲಿಯೇ ಕೂಡಿಬಂದರೆ, ದೇವರನಾಮ ಮುಗಿಯುವವರೆಗೂ, ಮಂಗಳ ಹಾಡುವವರೆಗೂ, ತಂಬೂರಿಯನ್ನು ಗವಸಿನೊಳಗೆ ಇಡುವವರೆಗೂ ನಾವು ಕುಳಿತಿರುತ್ತೇವೆ. ಕೊನೆಯ ರೈಲು ಕ್ಯಾತ್ಸಂದ್ರದ ನಿಲ್ದಾಣವನ್ನು ದಾಟಿ ಹೋಗುವ ಸದ್ದು ದೂರದಲ್ಲಿ ಕೇಳಿಸಬಹುದು. ಅದಕ್ಕಾಗಿ ಅಂದು ಯಾರೂ ಏಳಬೇಕಾಗುವುದಿಲ್ಲ.